ಕೂಸಿಗೆ ಎದೆಯ ಬಿಸಿ, ತಾಯಿಗೆ ನರ್ಸಮ್ಮನ ಪಾಠ

ನಮ್ಮ ಕಡೆಯ ಹಚ್ಚೊಳ್ಳಿಯಿರಲಿ, ಸಿರುಗುಪ್ಪ ಇರಲಿ, ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಕೂಸು ಹುಟ್ಟಿದರೆ ದೊಡ್ಡ ಭಯ ಒಂದು: ಮೈ ತಣ್ಣಗಾಗೋದು.

1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಕೂಸನ್ನ ಬೆಚ್ಚಗಿಡೋ ಇನ್‌ಕ್ಯುಬೇಟರ್ ಸಾಲದೇ ಹೋದಾಗ, ಡಾಕ್ಟರ್ ಎಡ್ಗರ್ ರೇ ಕೂಸುಗಳನ್ನ ತಾಯಂದಿರ ಎದೆಗೇ ಕಟ್ಟಿಸಿದರು. ಅದೇ ಕಾಂಗರೂ ಆರೈಕೆ. ನಮ್ಮ ಪಕ್ಕದ ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ತಂಡ ಇದನ್ನ ಆಸ್ಪತ್ರೆಯಿಂದ ಮನೆಯವರೆಗೂ ತಲುಪಿಸಿ ತೋರಿಸ್ತು.

ಆದರೆ ತಾಯಿಗೆ ಕೈಹಿಡಿದು ಕಲಿಸೋರು ಯಾರು? ಮಕ್ಕಳ ವಾರ್ಡಿನ ನರ್ಸಮ್ಮ. ಆಕೆಯ ಪಾಠ ಇಷ್ಟು: ಕೂಸಿಗೆ ಟೊಪ್ಪಿಗೆ, ಕಾಲುಚೀಲ, ಲಂಗೋಟಿ ಅಷ್ಟೇ. ಬರಿ ಎದೆಗೆ ಬರಿ ಮೈ ತಾಗಬೇಕು. ಕಾಲು ಕಪ್ಪೆಯ ಹಾಗೆ ಮಡಚಿರಲಿ. ಮುಖ ಒಂದು ಪಕ್ಕಕ್ಕೆ, ಗದ್ದ ಚೂರು ಮೇಲೆ, ಉಸಿರು ಸಲೀಸಾಗಿ ಆಡಬೇಕಲ್ಲ! ದಿನಕ್ಕೆ ಕನಿಷ್ಠ 8 ತಾಸು, ಹೆಚ್ಚಾದಷ್ಟೂ ಒಳ್ಳೇದು. ಬಾಣಂತಿ ದಣಿದರೆ ಅಪ್ಪ, ಅಜ್ಜಿ ಯಾರಾದರೂ ಅಪ್ಪಿಕೊಳ್ಳಬಹುದು. ಅತ್ತೆಯನ್ನ ಒಪ್ಪಿಸೋದೂ ನರ್ಸಮ್ಮನ ಕೆಲಸವೇ. ನನ್ನ ಕಣ್ಣಿಗೆ ಅದೇ ಅತಿ ಕಷ್ಟದ ಪಾಠ.

ಈ ಕಷ್ಟಕ್ಕೆ ಫಲವೂ ಇದೆ. 2021ರಲ್ಲಿ ಭಾರತವೂ ಸೇರಿ ಐದು ದೇಶಗಳ ಅಧ್ಯಯನ ಹೊರಬಂತು. 1ರಿಂದ 1.8 ಕಿಲೋ ತೂಕದ ಕೂಸುಗಳಿಗೆ ಹುಟ್ಟಿದ ಕೂಡಲೇ ಕಾಂಗರೂ ಆರೈಕೆ ಶುರು ಮಾಡಿದಲ್ಲಿ, 28 ದಿನದೊಳಗಿನ ಸಾವು ಕಾಲುಭಾಗ ಇಳಿಯಿತು.

ಮನೆಗೆ ಬಂದ ಮೇಲೆ ಅನುಮಾನ ಬಂದರೆ ಊರಿನ ಆಶಾ ಕಾರ್ಯಕರ್ತೆ ಅಕ್ಕನನ್ನ ಕೇಳ್ರಿ. ಕೂಸು ಹಾಲು ಬಿಟ್ಟರೆ, ಮೈ ತಣ್ಣಗಾದರೆ, ತಡ ಮಾಡದೆ ಆಸ್ಪತ್ರೆಗೆ ಹೋಗ್ರಿ.