ಷರತ್ತಿನ ಬಿಡುಗಡೆ ಮತ್ತು ಮನಸ್ಸಿನ ಕಾಯಿಲೆ

ಅಪರಾಧ ಸಾಬೀತಾದರೂ ಜೈಲಿಗೆ ಕಳಿಸದೆ, ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಮನೆಗೆ ಬಿಡಲು ನಮ್ಮ ನ್ಯಾಯಾಲಯಗಳಿಗೆ 1958ರ ಅಪರಾಧಿಗಳ ಪ್ರೊಬೇಷನ್ ಕಾಯ್ದೆ ಅವಕಾಶ ಕೊಟ್ಟಿದೆ. ಮುಚ್ಚಳಿಕೆಯ ಅವಧಿ ಹೆಚ್ಚೆಂದರೆ ಮೂರು ವರ್ಷ. ಅಗತ್ಯ ಕಂಡರೆ ನ್ಯಾಯಾಧೀಶರು ಒಬ್ಬ ಪ್ರೊಬೇಷನ್ ಅಧಿಕಾರಿಯ ಮೇಲ್ವಿಚಾರಣೆಗೂ ಒಪ್ಪಿಸಬಹುದು. ಎಲ್ಲಿ ವಾಸಿಸಬೇಕು, ಕುಡಿತದಿಂದ ದೂರವಿರಬೇಕು ಎಂಬಂಥ ಷರತ್ತುಗಳನ್ನೂ ಹಾಕಬಹುದು. ಇವು ಸುಲಭದ ಷರತ್ತುಗಳಂತೆ ಕಾಣುತ್ತವೆ. ಆದರೆ ಖಿನ್ನತೆಯಿಂದ ಹಾಸಿಗೆ ಬಿಟ್ಟೇಳಲಾಗದವರಿಗೆ, ಕಿವಿಯಲ್ಲಿ ಯಾರೋ ಬೈಯುತ್ತಿದ್ದಾರೆ ಎಂದು ಹೊಸಿಲು ದಾಟದವರಿಗೆ, ಕುಡಿತ ಬಿಟ್ಟ ಕೂಡಲೇ ಕೈನಡುಕ ಶುರುವಾಗುವವರಿಗೆ ಪಾಲಿಸಲು ಎಲ್ಲಕ್ಕಿಂತ ಕಷ್ಟವಾಗುವುದು ಇವೇ. ಹೀಗಾಗಿ ಕಾಯಿಲೆ ಕಡತದಲ್ಲಿ ಷರತ್ತಿನ ಉಲ್ಲಂಘನೆಯಾಗಿ ದಾಖಲಾಗುತ್ತದೆ.

ಇಂಥವರು ಅಪರೂಪವೇನಲ್ಲ. ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ನಿಮ್ಹಾನ್ಸ್ ತಜ್ಞರು ಐದು ಸಾವಿರಕ್ಕೂ ಹೆಚ್ಚು ಬಂದಿಗಳನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮದ್ಯ-ಮಾದಕ ವ್ಯಸನದ ಸಮಸ್ಯೆಗಳನ್ನು ಬದಿಗಿಟ್ಟ ಮೇಲೂ ಶೇ. 27.6ರಷ್ಟು ಮಂದಿಯಲ್ಲಿ ಮಾನಸಿಕ ಕಾಯಿಲೆ ಕಂಡುಬಂತು. ಜೈಲಿನ ಲೆಕ್ಕವನ್ನು ಹೊರಗಿರುವವರಿಗೆ ಹಾಗೆಹಾಗೇ ಅನ್ವಯಿಸಲಾಗದು, ನಿಜ. ಆದರೂ ಇಬ್ಬರೂ ಬಂದಿರುವುದು ಅದೇ ಠಾಣೆ, ಅದೇ ಕೋರ್ಟುಗಳನ್ನು ಹಾದು.

ಹಾಗಾದರೆ ಚಿಕಿತ್ಸೆ ಕೊಡಿಸಿದರೆ ಸಾಕೇ? ಕಾಯಿಲೆ ವಾಸಿಯಾದರೆ ಅಪರಾಧವೂ ನಿಲ್ಲುತ್ತದೆ ಎಂಬ ನಂಬಿಕೆ ಸದುದ್ದೇಶದ್ದು, ಆದರೆ ಪೂರ್ತಿ ಸರಿಯಲ್ಲ. ಮಾನಸಿಕ ಕಾಯಿಲೆಯಿದ್ದ 143 ಅಪರಾಧಿಗಳ 429 ಅಪರಾಧಗಳನ್ನು ಅಮೆರಿಕದ ಸಂಶೋಧಕರು ಕೆದಕಿ ನೋಡಿದಾಗ, ರೋಗಲಕ್ಷಣವೇ ನೇರ ಕಾರಣವಾಗಿದ್ದದ್ದು ಶೇ. 7.5ರಷ್ಟರಲ್ಲಿ ಮಾತ್ರ. ಉಳಿದವುಗಳ ಹಿಂದೆ ಇರುವುದು ಬಹುಪಾಲು ಎಲ್ಲ ಅಪರಾಧಿಗಳ ಹಿಂದೆಯೂ ಇರುವ ಸಂಗತಿಗಳೇ: ಕೆಲಸವಿಲ್ಲದಿರುವುದು, ಸಹವಾಸ, ಸಿಟ್ಟು, ವ್ಯಸನ. ಅಲ್ಲಿಯದೇ ಇನ್ನೊಂದು ಅಧ್ಯಯನ 2017ರದು. ಕಡಿಮೆ ಜನರ ಹೊಣೆ ಹೊತ್ತು, ಮನೋರೋಗದ ಬಗ್ಗೆ ತರಬೇತಿ ಪಡೆದ ಅಧಿಕಾರಿಗಳ ಕೈಕೆಳಗಿದ್ದವರಲ್ಲಿ ಎರಡು ವರ್ಷದೊಳಗೆ ಮತ್ತೆ ಬಂಧನಕ್ಕೊಳಗಾದವರು ಶೇ. 28.6, ಸಾಮಾನ್ಯ ವ್ಯವಸ್ಥೆಯಲ್ಲಿದ್ದವರಲ್ಲಿ ಶೇ. 51.8. ಜನರನ್ನು ಚೀಟಿ ಎತ್ತಿ ಹಂಚಿದ ಪ್ರಯೋಗ ಇದಲ್ಲವಾದ್ದರಿಂದ ಅಂಕಿಗಳನ್ನು ತುಸು ಎಚ್ಚರದಿಂದಲೇ ಓದಬೇಕು. ಆದರೂ ಅಂತರ ಕಡೆಗಣಿಸುವಷ್ಟು ಸಣ್ಣದಲ್ಲ. ಮಾತ್ರೆಯಷ್ಟೇ ಮುಖ್ಯವಾದದ್ದು ಅಧಿಕಾರಿ ನಡೆದುಕೊಳ್ಳುವ ರೀತಿ: ಗದರಿಸುವ ಬದಲು ಯಾಕೆ ಬರಲಿಲ್ಲ ಎಂದು ಕೇಳುವುದು, ಬಸ್ ಚಾರ್ಜಿಗೆ ದುಡ್ಡಿಲ್ಲವೆಂದರೆ ಅದಕ್ಕೊಂದು ದಾರಿ ಹುಡುಕುವುದು. ಪ್ರೊಬೇಷನ್‌ನಲ್ಲಿರುವವರಿಗೆ ಅಗತ್ಯವಿದ್ದರೆ ಕೆಲಸ ಹುಡುಕಿಕೊಡಲು ಪ್ರಯತ್ನಿಸಬೇಕೆಂದು ನಮ್ಮ ಕಾಯ್ದೆಯ 14ನೇ ಕಲಮೇ ಹೇಳುತ್ತದೆ.

ತಪ್ಪು ಮಾಡದ ಬಡವರಿಗೇ ಮನೋವೈದ್ಯರು ಸಿಗದಿರುವಾಗ ಅಪರಾಧಿಗಳಿಗೇಕೆ ಈ ಉಪಚಾರ ಎಂದು ಕೇಳುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಈ ಹಕ್ಕನ್ನು ಪ್ರತಿಯೊಬ್ಬರಿಗೂ ಕೊಟ್ಟಿದೆ. ಯಾರನ್ನೂ ಸರದಿಯ ಕೊನೆಗೆ ತಳ್ಳಿಲ್ಲ. ಅವರಿಗಾಗಿ ಬೇರೆ ಆಸ್ಪತ್ರೆ ಕಟ್ಟಬೇಕಾಗಿಯೂ ಇಲ್ಲ. 1985ರಲ್ಲಿ ಬಳ್ಳಾರಿಯಲ್ಲಿ ಶುರುವಾದ ಪ್ರಯೋಗವನ್ನು ಮಾದರಿಯಾಗಿಟ್ಟುಕೊಂಡೇ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಹಬ್ಬಿತು. ಆ ಕಾರ್ಯಕ್ರಮದ ಕ್ಲಿನಿಕ್ಕಿಗೆ ದಾರಿ ತೋರಿಸಿದರೆ ಸಾಕು. ಒತ್ತಾಯಿಸದಿದ್ದರೆ ಯಾರು ಬರುತ್ತಾರೆ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿ. ಆದರೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಶಿಕ್ಷೆಯ ಭಾಗವಾಗಿ ಮನೋಚಿಕಿತ್ಸೆ ವಿಧಿಸಬೇಕಾದರೂ ಅಪರಾಧಿಯ ಒಪ್ಪಿಗೆ ಬೇಕು. ವೈದ್ಯರ ಮುಂದೆ ಹೇಳಿಕೊಂಡದ್ದು ನಾಳೆ ಕೋರ್ಟಿನ ವರದಿಗೆ ಸೇರುತ್ತದೆಂಬ ಭಯವಿದ್ದರೆ ಯಾರೂ ಬಾಯಿ ಬಿಡುವುದಿಲ್ಲ. ಚಿಕಿತ್ಸೆಗೆ ಬಂದರೋ ಇಲ್ಲವೋ ಎಂಬುದಷ್ಟೇ ಅಧಿಕಾರಿಗೆ ತಿಳಿದರೆ ಸಾಕು.

ಷರತ್ತು ಮುರಿದವರನ್ನೆಲ್ಲ ಜೈಲಿಗೆ ಅಟ್ಟಲೇಬೇಕೆಂದು ಕಾಯ್ದೆ ಹೇಳುವುದಿಲ್ಲ. ಮೊದಲ ಸಲದ ತಪ್ಪಿಗೆ ಐವತ್ತು ರೂಪಾಯಿ ಮೀರದ ದಂಡ ಹಾಕಿ ಮುಚ್ಚಳಿಕೆಯನ್ನು ಮುಂದುವರಿಸಲು 9ನೇ ಕಲಮಿನಲ್ಲೇ ಅವಕಾಶವಿದೆ. ಉಲ್ಲಂಘನೆಯ ವರದಿ ಬರೆಯುವ ಮೊದಲು ಅಧಿಕಾರಿ ಒಮ್ಮೆ ಮನೆಗೆ ಹೋಗಿ ನೋಡಲಿ. ಕಾಯಿಲೆಯ ಗುಮಾನಿ ಬಂದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರ ಬಳಿಗೆ ಕಳಿಸಲಿ. ಅದಕ್ಕೆ ಹೊಸ ಕಾನೂನು ಬೇಕಿಲ್ಲ.