ಇಪ್ಪತ್ತಿಂಚಿನ ಗಾಲಿ, ಗುಜರಿಯ ಮೈ

ಕೊಪ್ಪಳ ತಾಲೂಕಿನ ಹೋಬಳಿ ಊರು ಇರಕಲ್ಲಗಡ. ಸುತ್ತ ಕಲ್ಲುಗುಡ್ಡ, ಮಸಾರಿ ನೆಲ, ಬದುವಿಗೆಲ್ಲ ಜಾಲಿ. ಸೈಕಲ್ ಹಾರಿಸಬೇಕೆನ್ನುವ ಹುಡುಗನಿಗೆ ಇಲ್ಲಿ ದಿಬ್ಬ, ಇಳಿಜಾರು ಎಲ್ಲ ಪುಕ್ಕಟೆ. ದುಬಾರಿಯಾದದ್ದು ಸೈಕಲ್ ಒಂದೇ. ಹಾರಾಟಕ್ಕೆಂದೇ ಇರುವ ಇಪ್ಪತ್ತಿಂಚು ಗಾಲಿಯ ಸೈಕಲ್ಲಿಗೆ ಬಿಎಂಎಕ್ಸ್ ಎಂದು ಹೆಸರು. ಕಂಪನಿಯ ಒಳ್ಳೆಯ ಬಿಎಂಎಕ್ಸ್‌ಗೆ ಹತ್ತಾರು ಸಾವಿರ ಬೇಕು. ಅಷ್ಟಿಲ್ಲದವನು ಮೊದಲು ಗುಜರಿ ಅಂಗಡಿ, ಆಮೇಲೆ ಸೈಕಲ್ ಶಾಪಿನ ದಾರಿ ಹಿಡಿಯಬೇಕು. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಈ ಸೈಕಲ್ ಹುಟ್ಟಿದ್ದೇ ಹೀಗೆ.

ಮೋಟಾರ್‌ಸೈಕಲ್ಲಿನ ಮಣ್ಣಿನ ರೇಸು ಕಂಡು ಮರುಳಾದ ಕ್ಯಾಲಿಫೋರ್ನಿಯಾದ ಪೋರರು ಮೋಟಾರ್ ಕೊಳ್ಳಲಾಗದೆ, 1963ರಲ್ಲಿ ಬಂದಿದ್ದ ಶ್ವಿನ್ ಸ್ಟಿಂಗ್‌ರೇ ಎಂಬ ಪುಟ್ಟ ಸೈಕಲ್ಲನ್ನೇ ಬಿಚ್ಚಿ, ಬಿಗಿದು ದಿಬ್ಬ ಹಾರಿಸಿದರು. 1971ರ ‘ಆನ್ ಎನಿ ಸಂಡೇ’ ಸಾಕ್ಷ್ಯಚಿತ್ರ ಆ ಹುಚ್ಚನ್ನು ಊರೂರಿಗೆ ಹಂಚಿತು. 2008ರ ಬೀಜಿಂಗ್‌ನಲ್ಲಿ ಆಟ ಒಲಿಂಪಿಕ್ಸ್ ಸೇರಿತು. ಅಲ್ಲಿಗೂ ದುಡ್ಡಿನ ತಾಪತ್ರಯ ಬಿಡಲಿಲ್ಲ. ಟೋಕಿಯೊದಲ್ಲಿ ಬಂಗಾರ ಗೆದ್ದ ಇಂಗ್ಲೆಂಡಿನ ಬೆಥನಿ ಶ್ರೀವರ್, ಅದಕ್ಕೂ ಮೊದಲು ಶಾಲೆಯೊಂದರಲ್ಲಿ ಸಹಾಯಕಿಯಾಗಿ ದುಡಿದು, ಜನರಿಂದ ಚಂದಾ ಎತ್ತಿ ಆಡಿದವಳು.

ನಮ್ಮಲ್ಲಿ ಸಾಮಾನಿಗೆ ಬರವಿಲ್ಲ. 2006-07ರಿಂದ ಕೊರೊನಾ ಬರುವವರೆಗೆ ಸರ್ಕಾರ ಎಂಟನೇ ತರಗತಿಯವರಿಗೆ ಸೈಕಲ್ ಕೊಟ್ಟಿತ್ತಲ್ಲ, ಅವುಗಳಲ್ಲಿ ಎಷ್ಟೋ ಇಂದು ಹಿತ್ತಲಿನ ಗೋಡೆಗೆ ಒರಗಿ ತುಕ್ಕು ತಿನ್ನುತ್ತಿವೆ. ಅವುಗಳ ಫ್ರೇಮು ಹಾರಾಟಕ್ಕೆ ಬಾರದು, ನಿಜ. ಚೈನು, ಪೆಡಲು, ಬಾಲ್ಸು ಬಂದಾವು. ಆದರೆ ಕೈಗೆ ಸಿಕ್ಕಿದ್ದೆಲ್ಲ ಕೂರುವುದಿಲ್ಲ. ಕಸುಬು ಇರುವುದು ಅಲ್ಲೇ. ಹಳೇ ಕರಿ ಸೈಕಲ್ಲಿನ ಹಿಂದಿನ ಹಬ್ಬಿಗೆ 40 ತೂತು, ಮುಂದಿನದಕ್ಕೆ 32. ಬಿಎಂಎಕ್ಸ್ ರಿಮ್ಮಿಗೆ ಸಾಮಾನ್ಯವಾಗಿ 36. ಪೆಡಲಿನ ತಿರುಪು ಮೂರು ತುಂಡಿನ ಕ್ರ್ಯಾಂಕಿಗೆ 9/16 ಇಂಚಾದರೆ, ಒಂದೇ ಸರಳು ಬಗ್ಗಿಸಿದಂಥ ಕ್ರ್ಯಾಂಕಿಗೆ 1/2. ಟೈರಿನದಂತೂ ದೊಡ್ಡ ಮೋಸ. 20x1.75 ಎಂದು ಬರೆದದ್ದೂ ಇಪ್ಪತ್ತಿಂಚೇ, 20x1 3/8 ಎಂದು ಬರೆದದ್ದೂ ಇಪ್ಪತ್ತಿಂಚೇ. ಮೊದಲನೆಯದು ಕೂರುವ ರಿಮ್ಮು 406 ಮಿ.ಮೀ., ಎರಡನೆಯದರದು 451. ಎಷ್ಟು ಎಳೆದರೂ ಒಂದರದು ಇನ್ನೊಂದಕ್ಕೆ ಏರದು. ಜಾಲಿ ಮುಳ್ಳಿನ ಈ ಸೀಮೆಗೆ ಅಗಲದ 2.125 ಟೈರೇ ಲೇಸು, ಅದೂ ಹೊಸದು.

ಫ್ರೇಮು ಹಳೆಯದಾದರೆ ಮುಂದಿನ ಕೊಳವೆಯ ಬೆನ್ನಿಗೆ, ಕೆಳಭಾಗದಲ್ಲಿ ಬೆರಳಾಡಿಸಿ ನೋಡಬೇಕು. ಬಣ್ಣ ನೆರಿಗೆ ಕಟ್ಟಿದ್ದರೆ ಅದು ಎಲ್ಲೋ ಎದುರಿಗೆ ಗುದ್ದಿ ಬಂದದ್ದು. ಪುಕ್ಕಟೆ ಕೊಟ್ಟರೂ ಬೇಡ. ಆಮೇಲೆ ನೂಲಿನ ಪರೀಕ್ಷೆ. ಹಿಂದಿನ ಗಾಲಿ ಕೂರುವ ಒಂದು ಕವಲಿಗೆ ನೂಲು ಕಟ್ಟಿ, ಹ್ಯಾಂಡಲ್ ಕೊಳವೆಯನ್ನು ಬಳಸಿ ತಂದು, ಇನ್ನೊಂದು ಕವಲಿಗೆ ಬಿಗಿಯಾಗಿ ಕಟ್ಟುವುದು. ಸೀಟಿನ ಕೊಳವೆಯಿಂದ ಎರಡೂ ಕಡೆಯ ನೂಲಿಗೆ ಅಂತರ ಸಮ ಬಂದರೆ ಹಿಂಭಾಗ ನೆಟ್ಟಗಿದೆ. ಐದು ರೂಪಾಯಿ ಖರ್ಚಿಲ್ಲದ ಈ ಪರೀಕ್ಷೆ ಎಷ್ಟೋ ಹೊಸ ಸೈಕಲ್ಲುಗಳ ಬಂಡವಾಳವನ್ನೂ ಬಯಲಿಗಿಡುತ್ತದೆ. ಬಿರುಕು ಬಿಟ್ಟ ಫ್ರೇಮನ್ನು ಟ್ರೇಲರ್ ಬೆಸುಗೆಯವರ ಹತ್ತಿರ ಒಯ್ಯುವುದು ನಮ್ಮ ಕಡೆಯ ರೂಢಿ. ಹಾಲಿನ ಕ್ಯಾನು ಹೊರಲು ಅದು ಸಾಕು, ಹಾರಿ ಇಳಿಯುವ ಸೈಕಲ್ಲಿಗೆ ಸಾಲದು.

ದುಡ್ಡು ಸುರಿಯಬೇಕಾದದ್ದು ಗಾಲಿಗೆ. ಕಡ್ಡಿ ಹೆಣೆದ ಮೇಲೆ ಮೇಸ್ತ್ರಿ ಸೈಕಲ್ ತಲೆಕೆಳಗು ಮಾಡಿ ಗಾಲಿ ತಿರುಗಿಸಿ, ರಿಮ್ಮಿನ ಪಕ್ಕಕ್ಕೆ ಸೀಮೆಸುಣ್ಣ ಹಿಡಿಯುತ್ತಾನೆ. ಔಟ್ ಇರುವ ಕಡೆಗಷ್ಟೇ ಬಿಳಿ ಗೆರೆ ಬೀಳುತ್ತದೆ. ಗೆರೆ ಬಿದ್ದಲ್ಲಿ ಎದುರು ಮಗ್ಗುಲಿನ ಕಡ್ಡಿಯ ನಿಪ್ಪಲ್ಲಿಗೆ ಕಾಲು ಸುತ್ತು, ಅಷ್ಟೇ. ಮತ್ತೆ ತಿರುಗಿಸಿ, ಮತ್ತೆ ಸುಣ್ಣ. ಅವಸರಕ್ಕೆ ಒಂದೇ ಸಲ ಪೂರ್ತಿ ಸುತ್ತು ಬಿಗಿದರೆ ಗಾಲಿ ಹಪ್ಪಳ.

ಹಲ್ಲಿನ ಲೆಕ್ಕ ಸರಳ. ಮುಂದೆ 44, ಹಿಂದೆ 16 ಹಲ್ಲಿದ್ದರೆ ಪೆಡಲ್ ಒಂದು ಸುತ್ತಿಗೆ ಗಾಲಿ ಎರಡೂಮುಕ್ಕಾಲು ಸುತ್ತು. ನೆಲದ ಮೇಲೆ ನಾಲ್ಕು ಮೀಟರ್ ಚಿಲ್ಲರೆ. ಈಗಿನ ಸೈಕಲ್ಲುಗಳು ಇದನ್ನೇ 25ಕ್ಕೆ 9 ಎಂದು ಕಿರಿದು ಮಾಡಿವೆ, ಮುಂದಿನ ಹಲ್ಲುಚಕ್ರ ಕಲ್ಲಿಗೆ ತಾಗದಿರಲೆಂದು. ಗಿಡ್ಡ ಚಕ್ರವೇ ಬೇಕೆಂಬ ಹಟಕ್ಕೆ ಖರ್ಚು ಜಾಸ್ತಿ. ಮೊದಲ ಸೈಕಲ್ಲಿಗೆ 44 ಧಾರಾಳ ಆಯ್ತು.

ಇನ್ನು ಬ್ರೇಕಿನ ಜಗಳ. ಮೊಬೈಲಿನಲ್ಲಿ ಬ್ರೇಕಿಲ್ಲದ ಸೈಕಲ್ ನೋಡಿದ ಹುಡುಗರದು ಒಂದೇ ವರಾತ.

“ಅಣ್ಣಾ, ಬ್ರೇಕ್ ಬ್ಯಾಡ್ರಿ. ಲುಕ್ ಹೋಗ್ತೈತಿ.”

“ಲುಕ್ ಹೋದ್ರ ಬಣ್ಣ ಹಚ್ಚೂಣು. ಹಲ್ಲು ಹೋದ್ರ ನಿಮ್ಮವ್ವಗ ಏನ್ ಹೇಳ್ಲೋ?”

ನಾನು ಮೇಸ್ತ್ರಿಗಳ ಪಕ್ಷ. ಹಿಂದಿನ ಬ್ರೇಕ್ ಒಂದಾದರೂ ಇರಲೇಬೇಕು. ಗುಡ್ಡದ ಇಳಿಜಾರು ಕಾಂಕ್ರೀಟ್ ಅಂಗಳವಲ್ಲ. ಬ್ರೇಕಿನ ಕೇಬಲ್ಲೂ ಶೂವೂ ಹೊಸದೇ ಇರಲಿ. ಸೀಟು, ಗ್ರಿಪ್ಪು, ಪೇಂಟು ಗುಜರಿಯದಾದರೂ ನಡೆದೀತು. ಮೊದಲ ವಾರ ಓಡಿಸಿದ ಮೇಲೆ ಹೊಸ ಕಡ್ಡಿಗಳು ಸಡಿಲಾಗುತ್ತವೆ. ಆಗ ಇನ್ನೊಮ್ಮೆ ಶಾಪಿಗೆ ಒಯ್ದು ಸುಣ್ಣ ಹಿಡಿಸಿ ಬಿಗಿಸದಿದ್ದರೆ, ಹಾಕಿದ ದುಡ್ಡು ಮೂರನೇ ದಿಬ್ಬಕ್ಕೇ ಸೊಟ್ಟ.