ಬೆಲೆಯೇನೋ ಇಳಿಯಿತು, ಶ್ರುತಿ?

ಹೋದ ದಸರಾ ರಜೆಯಲ್ಲಿ ಅಕ್ಕನ ಮಗಳಿಗೆ ಗಿಟಾರ್ ಕೊಡಿಸಲು ಹೊರಟೆ. ಅಂಗಡಿಯ ಬಾಗಿಲಲ್ಲೇ ಕೆಂಪಕ್ಷರದ ಬೋರ್ಡು: ‘ಹಬ್ಬದ ಕೊಡುಗೆ, ಶೇ 50ರವರೆಗೆ ರಿಯಾಯಿತಿ’. ನೀಲಿ ಗಿಟಾರೊಂದರ ಚೀಟಿಯಲ್ಲಿ 12,000ಕ್ಕೆ ಗೀಟು ಹೊಡೆದು ಕೆಳಗೆ 6,000 ಬರೆದಿದ್ದರು. ಬ್ಯಾಗು, ಬೆಲ್ಟು, ನಾಲ್ಕು ಪಿಕ್ಕು ಫ್ರೀ. ಅವಳಿಗೆ ಬಣ್ಣ ಹಿಡಿಸಿತು, ನನಗೆ ಬೆಲೆ ಹಿಡಿಸಿತು. ಹತ್ತು ನಿಮಿಷದಲ್ಲಿ ವ್ಯಾಪಾರ ಮುಗಿಯಿತು.

ಮೂರನೇ ದಿನ ಪಾಠದ ಮೇಷ್ಟ್ರು ಆರೂ ತಂತಿ ಟ್ಯೂನ್ ಮಾಡಿದರು. ಆಮೇಲೆ ಒಂದು ತಂತಿಯನ್ನು ಹನ್ನೆರಡನೇ ಫ್ರೆಟ್ಟಿನಲ್ಲಿ ಒತ್ತಿ ಮೀಟಿದರು. ಟ್ಯೂನರಿನ ಮುಳ್ಳು ಬಲಕ್ಕೆ ವಾಲಿತು. ಇನ್ನೊಂದು ತಂತಿ ಮೀಟಿದರು, ಅದೂ ಬಲಕ್ಕೇ. “ಬಿಟ್ಟ ತಂತಿ ಶ್ರುತಿಯಲ್ಲಿದೆ ಸರ್, ಒತ್ತಿದ ತಂತಿ ಇಲ್ಲ. ಇದರಲ್ಲಿ ಕಲಿತರೆ ಮಗು ತನ್ನ ಕಿವಿಯೇ ಸರಿಯಿಲ್ಲ ಅಂದುಕೊಳ್ಳುತ್ತೆ” ಎಂದರು.

ಕಡಿಮೆ ಬೆಲೆಗೆ ಕೊಂಡದ್ದರಲ್ಲಿ ತಪ್ಪಿರಲಿಲ್ಲ. ಬೆಲೆ ಯಾಕೆ ಇಳಿದಿದೆ ಎಂದು ಕೇಳದೇ ಬಂದಿದ್ದೆನಲ್ಲ, ತಪ್ಪಿದ್ದದ್ದು ಅಲ್ಲಿ. ರಿಯಾಯಿತಿಯ ವಾದ್ಯಗಳ ಬಗ್ಗೆ ನಾನೂ ನಂಬಿದ್ದ, ಸುತ್ತಮುತ್ತಲಿನವರೂ ನಂಬಿರುವ ಕೆಲವು ಮಾತುಗಳನ್ನು ಆಮೇಲೆ ಒಂದೊಂದಾಗಿ ತೂಗಿ ನೋಡಿದೆ.

ತಪ್ಪು ಕಲ್ಪನೆ 1: ಶೇ 50 ರಿಯಾಯಿತಿ ಎಂದರೆ ಅರ್ಧ ದುಡ್ಡು ಉಳಿಯಿತು

ಸತ್ಯ: ಉಳಿದದ್ದು ಎಷ್ಟು ಎನ್ನುವುದು ಯಾವ ಬೆಲೆಯಿಂದ ಕಳೆದರು ಎನ್ನುವುದರ ಮೇಲಿದೆ. ಪ್ಯಾಕ್ ಮಾಡಿದ ಸರಕಿನ ಮೇಲೆ ಎಂಆರ್‌ಪಿ, ಅಂದರೆ ಎಲ್ಲ ತೆರಿಗೆ ಸೇರಿದ ಗರಿಷ್ಠ ಚಿಲ್ಲರೆ ಬೆಲೆ ಇರಬೇಕೆಂದು 2011ರ ಕಾನೂನು ಮಾಪನ (ಪೊಟ್ಟಣ ಸರಕು) ನಿಯಮಗಳು ಹೇಳುತ್ತವೆ. ಅದಕ್ಕಿಂತ ಹೆಚ್ಚಿಗೆ ಮಾರುವಂತಿಲ್ಲ, ಅಷ್ಟೆ. ಗಿಟಾರಿನ ಮೇಲಿನ ಆ ಅಂಕಿಯನ್ನು ಬರೆಯುವವರು ತಯಾರಕರು ಅಥವಾ ಆಮದುದಾರರೇ ಹೊರತು ಸರ್ಕಾರವಲ್ಲ. 12,000 ಎಂದು ಅಚ್ಚಾದ ಗಿಟಾರು ಊರಿನ ಎಲ್ಲ ಅಂಗಡಿಗಳಲ್ಲೂ ವರ್ಷವಿಡೀ 7,000ಕ್ಕೆ ಸಿಗುತ್ತಿದ್ದರೆ, 6,000ಕ್ಕೆ ಕೊಂಡವರಿಗೆ ಉಳಿದದ್ದು ಒಂದು ಸಾವಿರ.

ಹಾಗಾಗಿ ಶೇಕಡಾವಾರು ಲೆಕ್ಕ ಬಿಟ್ಟು ಮಾಡೆಲ್ ನಂಬರು ಬರೆದುಕೊಳ್ಳಿ, ಕೊನೆಯ ಅಕ್ಷರದ ಸಮೇತ. ಆ ಒಂದು ಅಕ್ಷರದಲ್ಲಿ ಮರವೇ ಬೇರೆಯಾಗಿರಬಹುದು, ಪಿಕಪ್ ಇಲ್ಲದಿರಬಹುದು. ಅದೇ ನಂಬರಿನ ಬೆಲೆಯನ್ನು ಇನ್ನೆರಡು ಕಡೆ ಕೇಳಿ.

ಕೈಕೆಲಸದ ವಾದ್ಯಗಳಲ್ಲಿ ಈ ಲೆಕ್ಕ ಇನ್ನೂ ಪೊಳ್ಳು. ಹುಬ್ಬಳ್ಳಿ-ಧಾರವಾಡದ ಗಾಯಕರು ತಂಬೂರಿಗಾಗಿ ಮೀರಜ್‌ಗೆ ಹೋಗುವುದು ಹಳೆಯ ರೂಢಿ. ಅಲ್ಲಿನ ಸಿತಾರ್ ಮತ್ತು ತಂಬೂರಿಗೆ 2024ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯೂ ಸಿಕ್ಕಿತು. ಗೋಡೆಗೆ ಒರಗಿಸಿಟ್ಟ ತಂಬೂರಿಗೆ ಅಚ್ಚಾದ ಬೆಲೆಯೇ ಇರುವುದಿಲ್ಲ. ಅದರ ಬೆಲೆ ಬುರುಡೆ, ಮರ ಮತ್ತು ಕೈಯ ಲೆಕ್ಕ. ಅಂಥದ್ದಕ್ಕೆ ‘ಶೇ 40 ಕಡಿತ’ ಎಂದರೆ ಯಾವುದರಲ್ಲಿ 40 ಎಂದು ಕೇಳಲೇಬೇಕು.

ತಪ್ಪು ಕಲ್ಪನೆ 2: ರಿಯಾಯಿತಿಗೆ ಇಟ್ಟಿದ್ದಾರೆಂದರೆ ಏನೋ ದೋಷ ಇರಲೇಬೇಕು

ಸತ್ಯ: ಇದು ಮೊದಲನೆಯದಕ್ಕೆ ತದ್ವಿರುದ್ಧ, ಅಷ್ಟೇ ತಪ್ಪು. ಬೆಲೆ ಇಳಿಯಲು ಸಭ್ಯ ಕಾರಣಗಳು ಬೇಕಾದಷ್ಟಿವೆ. ಕೀಬೋರ್ಡಿನ ಹೊಸ ಮಾಡೆಲ್ ಬಂದರೆ ಹಳೆಯದನ್ನು ಖಾಲಿ ಮಾಡಬೇಕು. ಹಸಿರು ಬಣ್ಣದ ಗಿಟಾರು ಯಾಕೋ ಹೋಗುತ್ತಿಲ್ಲ. ಪೆಟ್ಟಿಗೆ ತೆರೆದು ನೋಡಿದವರು ವಾಪಸ್ ಕೊಟ್ಟಿದ್ದಾರೆ. ವರ್ಷವಿಡೀ ಗಾಜಿನ ಹಿಂದೆ ನೇತಾಡಿದ ಡಿಸ್‌ಪ್ಲೇ ಪೀಸಿನ ಮೈಮೇಲೆ ಉಗುರುಗೀರು ಬಿದ್ದಿದೆ. ಇವುಗಳಲ್ಲಿ ಒಂದೂ ನಾದವನ್ನು ಕೆಡಿಸುವುದಿಲ್ಲ.

ಜರ್ಮನಿಯ ಟ್ರೆಪ್ಪೆನ್‌ಡಾರ್ಫ್ ಎಂಬ ಪುಟ್ಟ ಹಳ್ಳಿಯಲ್ಲಿ 1954ರಲ್ಲಿ ಶುರುವಾಗಿ ಈಗ ಯೂರೋಪಿನ ಬಹುದೊಡ್ಡ ವಾದ್ಯ ಮಾರಾಟಗಾರರಲ್ಲಿ ಒಂದಾಗಿರುವ ಥೋಮನ್ ಸಂಸ್ಥೆ, ಇಂಥ ಸರಕನ್ನು ‘ಬಿ-ಸ್ಟಾಕ್’ ಎಂಬ ಹೆಸರಿನಲ್ಲಿ ಬೇರೆಯಾಗಿಯೇ ಮಾರುತ್ತದೆ. ಕಡಿಮೆ ಬೆಲೆಯ ಕಾರಣ ಹೆಸರಲ್ಲೇ ಇದೆ. ನಮ್ಮ ಅಂಗಡಿಗಳಲ್ಲಿ ಇಂಥ ಪಟ್ಟಿ ಅಪರೂಪ, ಆದರೆ ಕೇಳಿದರೆ ಹೇಳುತ್ತಾರೆ. ಹೇಳಿದ್ದನ್ನು ಬಿಲ್ಲಿನ ಮೇಲೆ ಒಂದು ಸಾಲು ಬರೆಸಿಕೊಳ್ಳಿ: ‘ಡಿಸ್‌ಪ್ಲೇ ಪೀಸ್, ಹಿಂಬದಿಯಲ್ಲಿ ಗೀರು’. ಬರೆಯಲು ಒಪ್ಪದ ಕಾರಣವನ್ನು ನಂಬಬೇಡಿ.

ತಪ್ಪು ಕಲ್ಪನೆ 3: ಗಿಟಾರ್ ಕಾಂಬೋ ತಂದರೆ ಎಲ್ಲ ಬಂದಂತೆ

ಸತ್ಯ: ಬ್ಯಾಗು, ಬೆಲ್ಟು, ಪಿಕ್ಕು, ಕೇಪೊ ಎಲ್ಲ ಬರುತ್ತದೆ. ಬಾರದೇ ಉಳಿಯುವುದು ‘ಸೆಟಪ್’. ಕಾರ್ಖಾನೆಯಿಂದ ಬಂದ ಗಿಟಾರಿನ ತಂತಿಗಳ ಎತ್ತರವನ್ನು ಇಳಿಸಿ, ಕತ್ತಿನ ಬಾಗು ಸರಿಮಾಡಿ, ಸ್ವರ ಕೂಡಿಸುವ ಕೆಲಸ ಅದು. ಅಗ್ಗದ ಗಿಟಾರುಗಳಲ್ಲಿ ತಂತಿ ಫ್ರೆಟ್ಟಿನಿಂದ ತುಂಬ ಮೇಲೆ ನಿಂತಿರುತ್ತದೆ. ಒತ್ತಿದಾಗ ತಂತಿ ಎಳೆದಂತಾಗಿ ಸ್ವರ ಏರುತ್ತದೆ. ನಮ್ಮ ನೀಲಿ ಗಿಟಾರಿನ ರೋಗ ಇದೇ.

ಅಂಗಡಿಯಲ್ಲೇ ಪರೀಕ್ಷೆ ಮಾಡಲು ಸಂಗೀತ ಗೊತ್ತಿರಬೇಕಿಲ್ಲ, ಫೋನಿನಲ್ಲಿ ಟ್ಯೂನರ್ ಇದ್ದರೆ ಸಾಕು. ತಂತಿಯನ್ನು ಬಿಟ್ಟು ಮೀಟಿ, ಮುಳ್ಳು ನಡುವಿಗೆ ಬರುವಂತೆ ಬಿರಡೆ ತಿರುಗಿಸಿ. ಈಗ ಅದೇ ತಂತಿಯನ್ನು ಹನ್ನೆರಡನೇ ಫ್ರೆಟ್ಟಿನಲ್ಲಿ ಒತ್ತಿ ಮೀಟಿ. ಅದೇ ಸ್ವರ ಒಂದು ಸ್ಥಾಯಿ ಮೇಲೆ ಬರಬೇಕು, ಮುಳ್ಳು ಮತ್ತೆ ನಡುವಿನಲ್ಲೇ ನಿಲ್ಲಬೇಕು. ಆಮೇಲೆ ಮೊದಲ ಫ್ರೆಟ್ಟಿನಿಂದ ಕೊನೆಯವರೆಗೆ ಒಂದೊಂದೇ ಒತ್ತುತ್ತ ಹೋಗಿ. ಎಲ್ಲಾದರೂ ‘ಜರ್ರ್’ ಎಂದರೆ ಕೈ ಎತ್ತಿ ಕೇಳಿ. ಅಂಗಡಿಯಲ್ಲಿ ಸೆಟಪ್ ಮಾಡುವವರಿದ್ದಾರೆಯೇ, ಅದರ ಕೂಲಿ ಬೆಲೆಯಲ್ಲಿ ಸೇರಿದೆಯೇ? ಚೌಕಾಸಿ ಮಾಡುವುದಿದ್ದರೆ ಪಿಕ್ಕುಗಳ ಬದಲು ಇದಕ್ಕೆ ಮಾಡಿ.

ತಪ್ಪು ಕಲ್ಪನೆ 4: ಪ್ಲೈ ಮರದ ಗಿಟಾರು ಎಂದರೆ ಮೋಸ

ಸತ್ಯ: ಇಡೀ ಹಲಗೆಯ ಮುಖವಿರುವ ಗಿಟಾರಿನ ನಾದ ತುಂಬಿಕೊಂಡಿರುತ್ತದೆ, ನಿಜ. ಆದರೆ ಇಡೀ ಹಲಗೆ ಗಾಳಿಯ ತೇವಕ್ಕೆ ಹಿಗ್ಗಿ ಕುಗ್ಗುತ್ತದೆ. ಮಂಗಳೂರಿನ ಮಳೆಗಾಲದಲ್ಲಿ ಉಬ್ಬುತ್ತದೆ, ಬಳ್ಳಾರಿಯ ಬೇಸಿಗೆಯಲ್ಲಿ ಸೀಳುಬಿಡಬಹುದು. ಪದರ ಅಂಟಿಸಿದ ಹಲಗೆ ಇವಕ್ಕೆಲ್ಲ ಅಷ್ಟಾಗಿ ಜಗ್ಗುವುದಿಲ್ಲ. ಮೊದಲ ವರ್ಷದ ವಿದ್ಯಾರ್ಥಿಗೆ ಅದೇ ಸಾಕು. ಪ್ಲೈಯನ್ನು ಪ್ಲೈ ಎಂದು ಹೇಳಿ ಮಾರಿದರೆ ಮೋಸವಿಲ್ಲ, ‘ಸಾಲಿಡ್’ ಎಂದು ಹೇಳಿ ಮಾರಿದರೆ ಮೋಸ.

ತಪ್ಪು ಕಲ್ಪನೆ 5: ಟೋನ್ ಜಾಸ್ತಿ ಇದ್ದಷ್ಟೂ ಕೀಬೋರ್ಡ್ ಒಳ್ಳೆಯದು

ಸತ್ಯ: 600 ಟೋನ್‌ಗಳಲ್ಲಿ ಮಗು ನುಡಿಸುವುದು ಐದಾರು. ನೋಡಬೇಕಾದದ್ದು ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಜೋರಾಗಿ ಒತ್ತಿದರೆ ಜೋರಾಗಿ ನುಡಿಯುತ್ತದೆಯೇ ಎಂದು. ಈ ‘ಟಚ್’ ಇಲ್ಲದ ಕೀಬೋರ್ಡು ಆಟಿಕೆಗೆ ಹತ್ತಿರ. ಕೀಲಿಗಳು ಪೂರ್ಣ ಅಳತೆಯವೇ, 61 ಇವೆಯೇ ಎಂದೂ ನೋಡಿ. ಪಿಯಾನೊ ಕಲಿಯುವ ಮಗುವಿಗಾದರೆ 88 ಕೀಲಿಗಳ, ಬೆರಳಿಗೆ ತೂಕ ಕೊಡುವ ಡಿಜಿಟಲ್ ಪಿಯಾನೊ ಬೇಕು. ಎಷ್ಟು ಅಗ್ಗಕ್ಕೆ ಸಿಕ್ಕರೂ ಸಾದಾ ಕೀಬೋರ್ಡು ಅದರ ಜಾಗ ತುಂಬುವುದಿಲ್ಲ.

ತಪ್ಪು ಕಲ್ಪನೆ 6: ನಮ್ಮ ವಾದ್ಯಗಳಲ್ಲಿ ನೋಡುವುದೇನಿದೆ, ಪಾಲಿಶ್ ಚೆನ್ನಾಗಿದ್ದರಾಯಿತು

ಸತ್ಯ: ನೋಡುವುದು ಇಲ್ಲಿಯೇ ಹೆಚ್ಚು. ಹಾರ್ಮೋನಿಯಂ ಕೊಳ್ಳುವಾಗ ಮನೆಗಳನ್ನು ಮುಟ್ಟದೆ ತಿದಿ ಒತ್ತಿ ಗಾಳಿ ತುಂಬಿಸಿ, ಕೈ ಬಿಟ್ಟು ನೋಡಿ. ತಿದಿ ಬೇಗ ಕುಸಿದರೆ ಎಲ್ಲೋ ಗಾಳಿ ಸೋರುತ್ತಿದೆ. ಆಮೇಲೆ ಒಂದೊಂದೇ ಮನೆ ಒತ್ತಿ, ಬಿಟ್ಟ ಮೇಲೂ ಗುಂಯ್‌ಗುಡುವ ಸ್ವರವಿದ್ದರೆ ಪಟ್ಟಿ ಸರಿಯಾಗಿ ಕೂತಿಲ್ಲ. ‘ಜರ್ಮನ್ ರೀಡು’ ಎಂಬ ಮಾತಿಗೆ ಮರುಳಾಗಬೇಡಿ. ಗುಜರಾತಿನ ಪಾಲಿತಾಣಾದ ರೀಡುಗಳಿಗೂ ಒಳ್ಳೆಯ ಹೆಸರಿದೆ. ಹೆಸರು ಯಾವುದಾದರೂ ಇರಲಿ, ಮಂದ್ರದಿಂದ ತಾರದವರೆಗೆ ಒಂದೇ ಹದದಲ್ಲಿ ನುಡಿಯುತ್ತದೆಯೇ ಕೇಳಿ.

ತಬಲಾದಲ್ಲಿ ಬೇರೆ ಥರದ ಬಲೆ. ಬಲಗಡೆಯ ದಾಯಾದ ಬಾಯಿ ಅಗಲವಾದಷ್ಟೂ ಶ್ರುತಿ ಕೆಳಗೆ, ಕಿರಿದಾದಷ್ಟೂ ಮೇಲೆ. ಮನೆಯಲ್ಲಿ ಹಾಡುವವರು ಕರಿ ಒಂದಕ್ಕೆ ಹಾಡುತ್ತಿದ್ದರೆ, ರಿಯಾಯಿತಿಗೆ ಸಿಕ್ಕ ಸಣ್ಣ ಬಾಯಿಯ ದಾಯಾವನ್ನು ಎಷ್ಟು ಸಡಿಲಿಸಿದರೂ ಅಲ್ಲಿಗೆ ಇಳಿಯದು. ವಾದ್ಯದಲ್ಲಿ ದೋಷವಿಲ್ಲ, ನಿಮ್ಮ ಮನೆಗೆ ಅದು ಆಗಿಬರುವುದಿಲ್ಲ, ಅಷ್ಟೆ. ಎಡಗಡೆಯ ಡಗ್ಗಾವನ್ನು ಕೈಯಲ್ಲಿ ಎತ್ತಿ ನೋಡಿ: ತೆಳು ಲೋಹಕ್ಕೆ ಹೊಳಪು ಎಷ್ಟು ಬೇಕಾದರೂ ಕೊಡಬಹುದು, ಗುಮಕಿ ಕೊಡಲಾಗದು. ಕೊಳಲಿನದೂ ಅದೇ ಕಥೆ. ಕಟ್ಟುಗಟ್ಟಲೆ ಅಗ್ಗಕ್ಕೆ ಬರುವ ಕೊಳಲುಗಳಲ್ಲಿ ಷಡ್ಜ ಸರಿಯಿದ್ದರೆ ಪಂಚಮ ತಪ್ಪಿರುತ್ತದೆ.

ವೀಣೆಯ ಖರ್ಚು ಕೊಂಡ ದಿನಕ್ಕೆ ಮುಗಿಯುವುದಿಲ್ಲ. ಅದರ 24 ಮೆಟ್ಟಿಲುಗಳು ಕೂತಿರುವುದು ಮೇಣದ ಮೇಲೆ. ಬಿಸಿಲು, ಬಳಕೆ, ಸಾಗಣೆಗೆ ಮೇಣ ಜರುಗಿ ಸ್ವರಸ್ಥಾನ ತಪ್ಪುತ್ತದೆ. ಆಗ ಮೇಳ ಹೊಸದಾಗಿ ಕಟ್ಟಿಸಬೇಕು. ಮೇಳ ಕಟ್ಟುವವರು ಎಷ್ಟು ದೂರದಲ್ಲಿದ್ದಾರೆ ಎಂದು ತಿಳಿಯದೆ ಅಗ್ಗದ ವೀಣೆ ತರುವುದು, ಮಾವುತನಿಲ್ಲದ ಊರಿಗೆ ಆನೆ ತಂದ ಹಾಗೆ.

ತಪ್ಪು ಕಲ್ಪನೆ 7: ಹೆಸರಾಂತ ಕಂಪನಿಯ ಮೈಕು ಕಾಲು ಬೆಲೆಗೆ ಸಿಕ್ಕರೆ ಅದೃಷ್ಟ

ಸತ್ಯ: ಅದೃಷ್ಟಕ್ಕಿಂತ ನಕಲಿಯ ಸಂಭವವೇ ಹೆಚ್ಚು. 1966ರಲ್ಲಿ ಬಂದ ಶ್ಯೂರ್ ಎಸ್‌ಎಂ58 ಜಗತ್ತಿನಾದ್ಯಂತ ಹಾಡುಗಾರರ ಕೈಯಲ್ಲಿದೆ, ಅಷ್ಟೇ ಯಥೇಚ್ಛವಾಗಿ ಅದರ ನಕಲೂ ಇದೆ. ಅಸಲಿಯ ತೂಕ 298 ಗ್ರಾಂ. ಭಜನಾ ಮಂಡಳಿಗೆಂದು ತಂದ ಅಗ್ಗದ ಮೈಕನ್ನು ಅಡುಗೆಮನೆಯ ತಕ್ಕಡಿಯ ಮೇಲಿಡಿ. ಮುಳ್ಳು ಅದಕ್ಕಿಂತ ಬಹಳ ಕೆಳಗೇ ನಿಂತರೆ ಬಂದದ್ದು ಬರೀ ಹೆಸರು. ತೂಕ ಸರಿಯಿದ್ದ ಮಾತ್ರಕ್ಕೆ ಅಸಲಿ ಎಂದೂ ಅಲ್ಲ, ಅಧಿಕೃತ ಮಾರಾಟಗಾರರ ಬಿಲ್ಲೇ ಗಟ್ಟಿ ಸಾಕ್ಷಿ.

ತಪ್ಪು ಕಲ್ಪನೆ 8: ಅಮೆರಿಕದಿಂದ ತರಿಸಿದರೆ ಅಗ್ಗ

ಸತ್ಯ: ಬೆಲೆ ಕೆಲವೊಮ್ಮೆ ಅಗ್ಗವೇ. ಆದರೆ ಬಹಳಷ್ಟು ಕಂಪನಿಗಳ ವಾರಂಟಿ ಕೊಂಡ ದೇಶಕ್ಕಷ್ಟೇ ಸೀಮಿತ. ಅಲ್ಲಿನ ವಿದ್ಯುತ್ 120 ವೋಲ್ಟ್, ನಮ್ಮದು 230. ಅಡಾಪ್ಟರಿನ ಮೇಲೆ 100ರಿಂದ 240 ವೋಲ್ಟ್ ಎಂದು ಬರೆದಿರದಿದ್ದರೆ ಇಲ್ಲಿ ನೇರವಾಗಿ ಚುಚ್ಚಬೇಡಿ.

ತಪ್ಪು ಕಲ್ಪನೆ 9: ಬಡ್ಡಿಯಿಲ್ಲದ ಕಂತಿನಲ್ಲಿ ಕೊಂಡರೆ ಏನೂ ಹೋಗುವುದಿಲ್ಲ

ಸತ್ಯ: ಶೂನ್ಯ ಬಡ್ಡಿಯ ಕಂತು ಯೋಜನೆಗಳನ್ನು ಕೊಡಕೂಡದೆಂದು ರಿಸರ್ವ್ ಬ್ಯಾಂಕು 2013ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಈಗಿನ ‘ನೋ ಕಾಸ್ಟ್’ ಕಂತಿನಲ್ಲಿ ಬಡ್ಡಿ ಇದ್ದೇ ಇದೆ, ಅಷ್ಟು ಮೊತ್ತವನ್ನು ಬೆಲೆಯಲ್ಲಿ ಮೊದಲೇ ಕಳೆದು ತೋರಿಸುತ್ತಾರೆ. ಕಾರ್ಡಿನ ಕಂತಾದರೆ ಆ ಬಡ್ಡಿಯ ಮೇಲಿನ ಜಿಎಸ್‌ಟಿ ನಿಮ್ಮ ಪಾಲಿಗೆ ಬರುತ್ತದೆ, ಸಂಸ್ಕರಣಾ ಶುಲ್ಕವೂ ಇರಬಹುದು. ‘ಒಟ್ಟಿಗೇ ಕೊಟ್ಟರೆ ಎಷ್ಟು ಇಳಿಸುತ್ತೀರಿ?’ ಎಂದು ಕೇಳಿ ನೋಡಿ, ಅಡಗಿದ್ದ ಬಡ್ಡಿ ಹೊರಬೀಳುವುದುಂಟು.

ಆನ್‌ಲೈನಿನಲ್ಲಿ ‘ಇನ್ನು ಎರಡೇ ಉಳಿದಿವೆ’ ಎಂದು ಮಿನುಗುವ ಸಾಲಿಗೂ ಹೆದರಬೇಕಿಲ್ಲ. ಇಲ್ಲದ ಅವಸರ ಹುಟ್ಟಿಸುವುದನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರಿನ ಮಾರ್ಗಸೂಚಿಯಲ್ಲಿ ನಿಷೇಧಿಸಿದೆ. ಅಲ್ಲಿ ಹೆಸರಿಸಿದ 13 ಕುತಂತ್ರಗಳಲ್ಲಿ ಅದೂ ಒಂದು.

ತಪ್ಪು ಕಲ್ಪನೆ 10: ರಿಯಾಯಿತಿಯ ಮಾಲು, ವಾಪಸ್ ಕೇಳುವ ಹಕ್ಕಿಲ್ಲ

ಸತ್ಯ: ನನ್ನ ಬಿಲ್ಲಿನ ಅಡಿಯಲ್ಲೂ ‘ಒಮ್ಮೆ ಮಾರಿದ ವಸ್ತುವನ್ನು ಹಿಂದಕ್ಕೆ ಪಡೆಯಲಾಗುವುದಿಲ್ಲ’ ಎಂಬ ಮಾಮೂಲಿ ಸಾಲಿತ್ತು. ಅದನ್ನು ಓದಿಯೇ ಎಷ್ಟೋ ಜನ ಸುಮ್ಮನಾಗಿಬಿಡುತ್ತಾರೆ. 2020ರ ಜುಲೈನಿಂದ ಜಾರಿಯಲ್ಲಿರುವ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ ಹಿಂದಕ್ಕೆ ತೆಗೆದುಕೊಳ್ಳಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲಿನಲ್ಲಿ ಅವಧಿಯೇ ಇಲ್ಲದಿದ್ದರೆ 30 ದಿನ. ಬಿಲ್ ಕೊಡದಿರುವುದೂ ಅದೇ ಸಾಲಿಗೆ ಸೇರುತ್ತದೆ. ಬೆಲೆ ಇಳಿಸಿದ ಮಾತ್ರಕ್ಕೆ ಈ ಹಕ್ಕು ಇಳಿಯದು.

ಎರಡು ಮಾತು ನೆನಪಿಡಿ. ‘ಬಣ್ಣ ಈಗ ಇಷ್ಟವಾಗುತ್ತಿಲ್ಲ’ ಎನ್ನುವುದು ದೋಷವಲ್ಲ. ಗೀರಿದೆ ಎಂದು ಹೇಳಿ, ಬರೆದು ಮಾರಿದ್ದರೆ ಅದೇ ಗೀರಿಗಾಗಿ ವಾಪಸ್ ಕೇಳುವುದೂ ನ್ಯಾಯವಲ್ಲ. ಉಳಿದಂತೆ, ಮಾತಿನಲ್ಲಿ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ.

ನಮಗೆ ಅಷ್ಟು ದೂರ ಹೋಗಬೇಕಾಗಲಿಲ್ಲ. ಮೊದಲ ಸಲ ಹೋದಾಗ “ಆಫರಿನ ಮಾಲು ಸರ್, ಏನೂ ಮಾಡಕ್ಕಾಗಲ್ಲ” ಎಂದಿದ್ದರು. ಎರಡನೇ ಸಲ ಬಿಲ್ಲನ್ನೂ ಟ್ಯೂನರನ್ನೂ ಮೇಜಿನ ಮೇಲಿಟ್ಟು, ಹನ್ನೆರಡನೇ ಫ್ರೆಟ್ ಒತ್ತಿ ಮೀಟಿ ತೋರಿಸಿದೆ. ಅಂಗಡಿಯ ಹಿರಿಯರು ಮುಳ್ಳನ್ನೇ ನೋಡುತ್ತ ನಿಂತು, “ಬೇರೆ ಆರಿಸಿಕೊಳ್ಳಿ” ಎಂದರು.

ಈ ಸಲ ಹತ್ತು ನಿಮಿಷ ಸಾಲಲಿಲ್ಲ, ಒಂದು ಗಂಟೆ ಹಿಡಿಯಿತು. ಕೊನೆಗೆ ಗೋಡೆಯ ಮೇಲಿನ ಕಂದು ಗಿಟಾರೊಂದನ್ನು ಕೆಳಗಿಳಿಸಿದರು, ಇಳಿಸಿದ ಬೆಲೆ 7,200. ನಾನು ಬಾಯಿ ತೆರೆಯುವ ಮೊದಲೇ ಹುಡುಗಿ ಕೇಳಿದಳು: “ಅಂಕಲ್, ಇದಕ್ಕೆ ಯಾಕೆ ಕಡಿಮೆ?” ಅವರು ಗಿಟಾರನ್ನು ತಿರುಗಿಸಿ ಬೆನ್ನ ಮೇಲಿನ ಹೆಬ್ಬೆರಳುದ್ದದ ಗೀರು ತೋರಿಸಿದರು. ಅವಳು ಗೀರನ್ನೊಮ್ಮೆ ಸವರಿ, ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು, ನನ್ನತ್ತ ಕೈಚಾಚಿದಳು. “ಮಾಮಾ, ಟ್ಯೂನರ್ ಕೊಡು.”